ಹೊಳೆಯಾಚೆಯ ಬಿಡುಗಡೆಗೆ ಲೆಕ್ಕ ಕೊಡುವವರು ಯಾರು?

ಸಿಂದಗಿ ಸೀಮೆಯ ದೇವಣಗಾಂವದ ಹೊಳೆದಂಡೆಯಲ್ಲಿ ನಿಂತು ನೋಡಿದವರಿಗೆ ಭೀಮೆಯ ಆಚೆ ದಡ ಬೇರೊಂದು ನಾಡೆಂದು ಅನಿಸುವುದೇ ಇಲ್ಲ. ಅದೇ ಕರಿಮಣ್ಣು, ಅದೇ ಜೋಳ, ಅದೇ ಕಬ್ಬು, ಅದೇ ಮಾತು. ಸೇತುವೆ ದಾಟಿದರೆ ಅಫಜಲಪುರ ತಾಲ್ಲೂಕು. ಇಲ್ಲಿಯ ಹೆಣ್ಣನ್ನು ಅಲ್ಲಿಗೆ ಕೊಟ್ಟಿದ್ದಾರೆ, ಅಲ್ಲಿಯ ಹೆಣ್ಣನ್ನು ಇಲ್ಲಿಗೆ ತಂದಿದ್ದಾರೆ. ಆದರೆ 1948ರ ಸೆಪ್ಟೆಂಬರಿನವರೆಗೆ ಈ ಹೊಳೆ ಒಂದು ಗಡಿಯಾಗಿತ್ತು. ಈಚೆಗೆ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆ. ಆಚೆಗೆ ಹೈದರಾಬಾದಿನ ನಿಜಾಮರ ಆಡಳಿತ, ನಮ್ಮ ಹಿರಿಯರ ಬಾಯಲ್ಲಿ ಅದು 'ಮೊಗಲಾಯಿ'. 1947ರ ಆಗಸ್ಟ್ 15ರಂದು ಈಚೆ ದಡದಲ್ಲಿ ರಾಷ್ಟ್ರಧ್ವಜ ಏರಿತು. ಆಚೆ ದಡದಲ್ಲಿ ಅದೇ ಧ್ವಜವನ್ನು ಹಾರಿಸುವುದು ಅಪರಾಧವಾಗಿಯೇ ಉಳಿಯಿತು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ, ನೆರೆ ಇಳಿದ ಬಳಿಕ ಹಿಟ್ಟು, ಬೇಳೆ, ಹೊದಿಕೆಗಳನ್ನು ಹಂಚುವ ಕೆಲಸಕ್ಕೆಂದು ನಾನೂ ಕೆಲವರೊಡನೆ ಆ ಕಡೆ ಹೋಗಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ ಕುಳಿತಿದ್ದ, ಎಂಬತ್ತು ದಾಟಿದ ತಾಯಿಯೊಬ್ಬರು ನಮಗೆ ಚಹಾ ಕೊಡಿಸಿ ತಮ್ಮ ಬಾಲ್ಯದ ಮಾತು ತೆಗೆದರು. ರಜಾಕಾರರ ಹಾವಳಿಗೆ ಅಂಜಿದ ಜನ ರಾತ್ರೋರಾತ್ರಿ ಹೊಳೆ ದಾಟಿ ಬರುತ್ತಿದ್ದರಂತೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಕೆಲವು ತಿಂಗಳ ನಂತರ, ದಂಡು ಆಚೆಗೆ ಹೋದ ಮೇಲೆ, ಮತ್ತೆ ಕೆಲವರು ದಾಟಿ ಬಂದರಂತೆ. ಈ ಸಲ ಬಂದವರು ಮುಸಲ್ಮಾನರು. "ಇದ ಪಡಸಾಲ್ಯಾಗ ಮೊದಲ ಬಂದವ್ರೂ ಮಲಗಿದ್ರು, ಆಮ್ಯಾಲೆ ಬಂದವ್ರೂ ಮಲಗಿದ್ರು ಫಾದರ್. ಹೊಳಿ ದಾಟಿ ಬಂದವ್ರನ್ನ ಯಾರ ಪೈಕಿ ಅಂತ ಕೇಳೂದಿಲ್ಲ. ಉಂಡೀರೇನು ಅಂತ ಕೇಳ್ತೀವಿ" ಎಂದರು ಆ ತಾಯಿ.

ಆ ಮಾತು ಇತ್ತೀಚೆಗೆ ನನಗೆ ಮತ್ತೆ ನೆನಪಾಯಿತು. ನಮ್ಮ ಧರ್ಮಕೇಂದ್ರದಲ್ಲಿ ಬೆಳೆದು ಈಗ ಅಮೆರಿಕದಲ್ಲಿ ದುಡಿಯುತ್ತಿರುವ ಯುವಕನೊಬ್ಬ ನನಗೆ ದೀರ್ಘವಾದ ಪತ್ರ ಬರೆದಿದ್ದ. ಯುದ್ಧಗಳ ವಿರುದ್ಧ ನಾನು ಪ್ರವಚನಗಳಲ್ಲಿ ಆಡಿದ ಮಾತುಗಳು ಅವನಿಗೆ ಸರಿಬಂದಿರಲಿಲ್ಲ. "ಫಾದರ್, ಸ್ವಾತಂತ್ರ್ಯವೆಂಬುದು ಅಮೆರಿಕದವರಿಗೆ ಮಾತ್ರ ಹುಟ್ಟಿನಿಂದ ಬಂದದ್ದೇ? ದಬ್ಬಾಳಿಕೆಯ ಕೆಳಗೆ ನರಳುವವರನ್ನು ಬಲವಿದ್ದವರು ಬಿಡಿಸಿದರೆ ಅದು ಪಾಪವೇ? 1948ರಲ್ಲಿ ದಿಲ್ಲಿಯ ಸೈನ್ಯ ನಮ್ಮ ಜನರನ್ನು ಬಿಡಿಸಿದ್ದನ್ನು ನೀವು ಸರಿ ಎನ್ನುತ್ತೀರಿ. 2003ರಲ್ಲಿ ಇರಾಕಿನವರನ್ನು ಬಿಡಿಸಹೋದದ್ದನ್ನು ತಪ್ಪು ಎನ್ನುತ್ತೀರಿ. ಹೊಳೆ ದಾಟುವುದು ನ್ಯಾಯವಾದರೆ ಸಮುದ್ರ ದಾಟುವುದು ಹೇಗೆ ಅನ್ಯಾಯವಾಗುತ್ತದೆ?" ಎಂದು ಅವನು ಕೇಳಿದ್ದ. ಪ್ರಾಮಾಣಿಕನೊಬ್ಬನ ಪ್ರಾಮಾಣಿಕ ಪ್ರಶ್ನೆ ಇದು. ಇದೇ ವಿಚಾರವನ್ನು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಮೊಬೈಲು ಹಿಡಿದುಕೊಂಡು ಇನ್ನೂ ಒರಟಾದ ಮಾತುಗಳಲ್ಲಿ ಆಡುತ್ತಿರುವುದನ್ನು ನೀವೂ ಕೇಳಿದ್ದೀರಿ. ಆದುದರಿಂದ ಅವನಿಗೆ ಬರೆದ ಉತ್ತರವನ್ನು ನಿಮ್ಮೆಲ್ಲರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಆ ಯುವಕ ತನ್ನನ್ನು 'ಲಿಬರ್ಟೇರಿಯನ್' ಎಂದು ಕರೆದುಕೊಳ್ಳುತ್ತಾನೆ. ಅಂದರೆ ವ್ಯಕ್ತಿಸ್ವಾತಂತ್ರ್ಯವೇ ಮೊದಲು, ಸರ್ಕಾರದ ಅಧಿಕಾರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂದು ನಂಬುವವರ ಪಂಥದವನು. ಇವರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ. ಆದರೂ ಅವರ ಮೂಲ ಸಂದೇಹದಲ್ಲಿ ಹುರುಳಿದೆ. ಮನುಷ್ಯನ ಕೈಗೆ ಹೆಚ್ಚಿನ ಅಧಿಕಾರ ಕೊಟ್ಟರೆ ಅವನು ಅದನ್ನು ದುರುಪಯೋಗ ಮಾಡುತ್ತಾನೆ ಎಂಬುದು ಆದಿಪಾಪವನ್ನು ಬಲ್ಲ ನಮಗೆ ಹೊಸ ಮಾತಲ್ಲ.

ಆದರೆ ಪರದೇಶದ ಯುದ್ಧಗಳ ವಿಷಯ ಬಂದಾಗ ಈ ಸ್ವಾತಂತ್ರ್ಯವಾದಿಗಳೇ ಎರಡು ಗುಂಪಾದರು. ಅಮೆರಿಕದ ಟೆಕ್ಸಾಸ್ ಪ್ರಾಂತದ ಜನಪ್ರತಿನಿಧಿಯಾಗಿದ್ದ ವೈದ್ಯ ರಾನ್ ಪಾಲ್ 2002ರ ಅಕ್ಟೋಬರಿನಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ಕೊಡುವ ಗೊತ್ತುವಳಿಯ ವಿರುದ್ಧ ಮತ ಹಾಕಿದರು. ಕೆಳಮನೆಯಲ್ಲಿ ಅವರ ಪಕ್ಷದವರಲ್ಲಿ ಹಾಗೆ ಮಾಡಿದವರು ಆರೇ ಮಂದಿ. ಇನ್ನೊಂದೆಡೆ ಕಾನೂನು ಪ್ರಾಧ್ಯಾಪಕ ರ‍್ಯಾಂಡಿ ಬಾರ್ನೆಟ್ 2007ರ ಜುಲೈನಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಸ್ವಾತಂತ್ರ್ಯವಾದಿಯಾದವನು ಈ ಯುದ್ಧವನ್ನು ವಿರೋಧಿಸಲೇಬೇಕೆಂಬ ಕಟ್ಟಳೆಯೇನೂ ಇಲ್ಲವೆಂದು ವಾದಿಸಿದರು. ಮನೆಯೊಳಗೂ ಈ ಬಿರುಕು ಮೂಡಿತು. ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದ ಮಿಲ್ಟನ್ ಫ್ರೀಡ್‌ಮನ್ ಮತ್ತು ಅವರ ಪತ್ನಿ ರೋಸ್, 1938ರಲ್ಲಿ ಮದುವೆಯಾಗಿ ಜೀವನವಿಡೀ ಜೊತೆಯಾಗಿ ಬರೆದವರು. 2006ರಲ್ಲಿ, ತಮ್ಮ ಕಡೆಯ ವರ್ಷದಲ್ಲಿ, ಪತ್ರಕರ್ತರೊಬ್ಬರ ಮುಂದೆ ಮಿಲ್ಟನ್ ಅವರು ಇರಾಕಿನ ಮೇಲೆ ಹೋದದ್ದು ತಪ್ಪು, ಅದು ಆಕ್ರಮಣ ಎಂದರು. ಪಕ್ಕದಲ್ಲಿದ್ದ ರೋಸ್ ಅವರು ಕೂಡಲೇ ತಡೆದು, ಅದು ಆಕ್ರಮಣವಲ್ಲ ಎಂದರು. ಒಮ್ಮೆ ಒಳಹೊಕ್ಕ ಮೇಲೆ ಕೆಲಸವನ್ನು ಯಶಸ್ವಿಯಾಗಿ ಮುಗಿಸಬೇಕೆಂಬುದನ್ನು ಮಾತ್ರ ಮಿಲ್ಟನ್ ಅವರೂ ಒಪ್ಪಿದರು. ಸುಮಾರು ಎಪ್ಪತ್ತು ವರ್ಷ ಒಂದೇ ಸೂರಿನಡಿ, ಒಂದೇ ತತ್ತ್ವದಡಿ ಬಾಳಿದವರನ್ನೂ ಈ ಪ್ರಶ್ನೆ ಎರಡು ಕಡೆ ನಿಲ್ಲಿಸಿತೆಂದರೆ ಅದು ಹಗುರವಾದ ಪ್ರಶ್ನೆಯಲ್ಲ.

ಯುದ್ಧವನ್ನು ಸಮರ್ಥಿಸುವ ಸ್ವಾತಂತ್ರ್ಯವಾದಿಗಳ ವಾದವನ್ನು ಅದರ ಪೂರ್ಣ ಬಲದೊಡನೆ ಇಡಬೇಕು, ಇಲ್ಲವಾದರೆ ನಮ್ಮ ಉತ್ತರಕ್ಕೂ ಬೆಲೆಯಿರದು. ಅವರು ಹೇಳುವುದಿಷ್ಟು. ಹಕ್ಕುಗಳಿರುವುದು ಮನುಷ್ಯರಿಗೆ, ಗಡಿಗಳಿಗಲ್ಲ. ತನ್ನ ಜನರನ್ನೇ ಕೊಲ್ಲುವ ದೊರೆಗೆ 'ನನ್ನ ದೇಶದೊಳಗೆ ಕಾಲಿಡಬೇಡಿ' ಎನ್ನುವ ಅಧಿಕಾರವಿಲ್ಲ. ಸದ್ದಾಮ್ ಹುಸೇನನ ಸೈನ್ಯ 1988ರಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿದು ಸುಮಾರು 5,000 ಕುರ್ದ್ ಜನರನ್ನು ಕೊಂದಿತು. ಪಕ್ಕದ ಮನೆಯಲ್ಲಿ ತಂದೆಯೊಬ್ಬ ಮಕ್ಕಳನ್ನು ಕೊಲ್ಲುತ್ತಿರುವಾಗ 'ಅದು ಅವರ ಮನೆಯ ವಿಷಯ' ಎಂದು ಕದ ಹಾಕಿಕೊಳ್ಳುವುದು ಧರ್ಮವೇ? ಹೀಗೆ ಕೇಳಿದರೆ ಯಾರ ಬಾಯಿಯೂ ಕಟ್ಟುತ್ತದೆ.

ನನ್ನ ಬಾಯಿಯೂ ಕಟ್ಟಿತ್ತು. 2003ರ ಏಪ್ರಿಲ್ 9ರಂದು ಬಾಗ್ದಾದಿನ ಚೌಕದಲ್ಲಿ ಸದ್ದಾಮನ ಪ್ರತಿಮೆಯನ್ನು ಕೆಡವಿದ್ದನ್ನು ದೂರದರ್ಶನದಲ್ಲಿ ನೋಡಿದಾಗ ನನಗಿನ್ನೂ ಮೂವತ್ತು ಚಿಲ್ಲರೆ ವಯಸ್ಸು, ಗುರುದೀಕ್ಷೆಯಾಗಿ ಹೆಚ್ಚು ವರ್ಷಗಳಾಗಿರಲಿಲ್ಲ. ಒಬ್ಬ ಕ್ರೂರಿ ಉರುಳಿದನಲ್ಲ ಎಂದು ಮನಸ್ಸು ಹಿಗ್ಗಿತು. ಜಗದ್ಗುರು ಎರಡನೇ ಜಾನ್ ಪೌಲರು ಆ ಯುದ್ಧ ಬೇಡವೆಂದು ಅಂಗಲಾಚಿದ್ದರು. ಮಾರ್ಚ್ ತಿಂಗಳಲ್ಲಿ ಕಾರ್ಡಿನಲ್ ಪಿಯೊ ಲಾಗಿ ಅವರನ್ನು ಅಧ್ಯಕ್ಷ ಬುಷ್ ಬಳಿಗೇ ಕಳುಹಿಸಿದ್ದರು. 'ಪವಿತ್ರ ಪಿತರು ವಯಸ್ಸಾದವರು, ಕಾಲದ ವಾಸ್ತವ ಅವರಿಗೆ ತಿಳಿಯದು' ಎಂದು ಜೊತೆಯ ಗುರುವೊಬ್ಬರೊಡನೆ ನಾನು ವಾದಿಸಿದ್ದೆ. ಈ ಮಾತನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆ ತಪ್ಪನ್ನು ನಾನು ಮುಚ್ಚಿಟ್ಟರೆ, ಅದೇ ತಪ್ಪನ್ನು ಮಾಡುತ್ತಿರುವ ಮಕ್ಕಳಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿರುವುದಿಲ್ಲ.

ಮುಂದೆ ಆದದ್ದನ್ನು ಲೋಕ ಬಲ್ಲುದು. ಯಾವ ಮಹಾವಿನಾಶಕ ಅಸ್ತ್ರಗಳಿವೆಯೆಂದು ಯುದ್ಧ ಹೂಡಿದರೋ ಆ ಅಸ್ತ್ರಗಳು ಸಿಗಲಿಲ್ಲ. ಆಗ ಪ್ರಜಾಪ್ರಭುತ್ವವನ್ನು ನೆಲೆಗೊಳಿಸುವುದೇ ಯುದ್ಧದ ಮುಖ್ಯ ಸಮರ್ಥನೆಯಾಯಿತು. ಅದೇ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಿಂದ ನೇಮಕಗೊಂಡು ಬಂದ ಆಡಳಿತಗಾರ ಪಾಲ್ ಬ್ರೆಮರ್ ಒಂದು ಆಜ್ಞೆಯಿಂದ ಇರಾಕಿನ ಸೈನ್ಯವನ್ನೇ ವಿಸರ್ಜಿಸಿದರು. ಲಕ್ಷಾಂತರ ಜನ ಕೈಯಲ್ಲಿ ಬಂದೂಕು, ಹೊಟ್ಟೆಯಲ್ಲಿ ಹಸಿವು ಇಟ್ಟುಕೊಂಡು ಬೀದಿಗೆ ಬಿದ್ದರು. ಅವರಿಗೆ ಮತ ಹಾಕಿದ್ದ ಇರಾಕಿ ಒಬ್ಬನೂ ಇರಲಿಲ್ಲ; ಅವರನ್ನು ಇಳಿಸಬಲ್ಲ ಇರಾಕಿಯೂ ಒಬ್ಬನಿರಲಿಲ್ಲ. ಆ ಯುದ್ಧ ಮತ್ತು ಅದು ಹೊತ್ತಿಸಿದ ಹಿಂಸೆಯಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆ, ದಾಖಲೆಗೆ ಸಿಕ್ಕಷ್ಟೇ, ಎರಡು ಲಕ್ಷದ ಆಸುಪಾಸು. ಅಮೆರಿಕದ ಸೈನಿಕರೂ ಸುಮಾರು 4,500 ಮಂದಿ ಮಡಿದರು.

ನಮ್ಮ ವಿಶ್ವಾಸದ ಬಂಧುಗಳ ಗತಿಯೇನಾಯಿತು? 2003ಕ್ಕೆ ಮೊದಲು ಇರಾಕಿನಲ್ಲಿ 10ರಿಂದ 15 ಲಕ್ಷ ಕ್ರೈಸ್ತರಿದ್ದರೆಂದೂ ಈಗ ಉಳಿದವರು ಎರಡು ಮೂರು ಲಕ್ಷ ಮೀರುವುದಿಲ್ಲವೆಂದೂ ಅಂದಾಜು. ಮೋಸುಲ್ ನಗರದಲ್ಲಿ 2007ರ ಜೂನ್ 3ರಂದು ಫಾದರ್ ರಘೀದ್ ಗನ್ನಿ ಅವರನ್ನು ಬಲಿಪೂಜೆ ಮುಗಿಸಿ ಹೊರಟಾಗ ಗುಂಡಿಟ್ಟು ಕೊಂದರು. ಮರುವರ್ಷ ಅಲ್ಲಿಯ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಾಜ್ ರಹೋ ಅಪಹೃತರಾಗಿ ಹೆಣವಾಗಿ ಸಿಕ್ಕರು. 2010ರ ಅಕ್ಟೋಬರ್ 31ರಂದು ಬಾಗ್ದಾದಿನ ವಿಮೋಚನಾ ಮಾತೆಯ ದೇವಾಲಯದಲ್ಲಿ ಪೂಜೆಗೆ ನೆರೆದಿದ್ದವರ ಮೇಲೆ ದಾಳಿ ನಡೆದು 50ಕ್ಕೂ ಹೆಚ್ಚು ಜನ ಸತ್ತರು. 2014ರಲ್ಲಿ ಐಸಿಸ್ ಉಗ್ರರು ಬಂದಾಗ ಮೋಸುಲ್ ಸುತ್ತಲಿನ ಪುರಾತನ ಕ್ರೈಸ್ತ ಊರುಗಳು ಕೆಲವೇ ದಿನಗಳಲ್ಲಿ ಬರಿದಾದವು. ಕ್ರೈಸ್ತರ ಹೆಣ ಮಾತ್ರ ಎಣಿಸುತ್ತಿದ್ದೇನೆಂದು ತಿಳಿಯಬೇಡಿ. ಸತ್ತವರಲ್ಲಿ ಬಹುಪಾಲು ಮುಸಲ್ಮಾನರೇ. ಆದರೆ ಸರ್ವಾಧಿಕಾರಿಯ ಕೆಳಗೂ ಹೇಗೋ ಬದುಕಿದ್ದ ಪ್ರಾಚೀನ ಸಮುದಾಯವೊಂದು 'ಬಿಡುಗಡೆ'ಯ ಬಳಿಕ ಮನೆಮಠ ಬಿಟ್ಟು ಓಡಬೇಕಾಯಿತಲ್ಲ, ಆ ಬಿಡುಗಡೆಗೆ ಏನೆಂದು ಹೆಸರಿಡೋಣ? ಇಂದು ಅಲ್ಲಿ ಚುನಾವಣೆಗಳು ನಡೆಯುತ್ತವೆ, ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ತೆತ್ತ ಬೆಲೆಯನ್ನು ತೆರಲು ಒಪ್ಪಿಗೆಯೇ ಎಂದು ಸತ್ತವರನ್ನು ಯಾರೂ ಕೇಳಿರಲಿಲ್ಲ ಎಂಬುದನ್ನಷ್ಟೇ ನೆನಪಿಸುತ್ತೇನೆ.

"ಅದೆಲ್ಲ ಇರಲಿ, 1948ಕ್ಕೆ ಏನು ಹೇಳುತ್ತೀರಿ?" ಎಂದು ಆ ಯುವಕ ಕೇಳುತ್ತಾನೆ. ಸರಿ, ಮರಳಿ ಭೀಮೆಯ ದಂಡೆಗೇ ಬರೋಣ. ಸೈನ್ಯ ಹೋಗಿ ಜನರನ್ನು ಬಿಡಿಸಿದ ಉದಾಹರಣೆಗಳಲ್ಲಿ ನಮಗೆ ಅತಿ ಹತ್ತಿರದ್ದು, ಬಹುಶಃ ಅತ್ಯುತ್ತಮವಾದದ್ದೂ ಅದೇ. ಆದುದರಿಂದ ಪರೀಕ್ಷೆ ಅಲ್ಲಿಯೇ ನಡೆಯಲಿ.

ನಿಜಾಮರ ರಾಜ್ಯದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರಿದ್ದರು. ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡಿಗರೂ ಅದರಲ್ಲಿ ಸೇರಿದ್ದರು. 1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಎರಗುತ್ತಲೇ ಇದ್ದರು. ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕಗ್ಗೊಲೆಯನ್ನು ಆ ಸೀಮೆ ಇಂದಿಗೂ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಗಡಿ ದಾಟಿತು. 17ರಂದು ನಿಜಾಮರು ಶರಣಾದರು. ಇದನ್ನು ಸರ್ಕಾರ ಯುದ್ಧವೆನ್ನದೆ 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಿತು. ಇಂದು ಕಲ್ಯಾಣ ಕರ್ನಾಟಕದಲ್ಲಿ ಸೆಪ್ಟೆಂಬರ್ 17 ಉತ್ಸವದ ದಿನ. ಆ ಕ್ರಮ ಅಗತ್ಯವಾಗಿತ್ತೆಂದೇ ನಾನು ತಿಳಿಯುತ್ತೇನೆ.

ಆದರೆ ಉತ್ಸವದ ಭಾಷಣಗಳಲ್ಲಿ ಹೇಳದ ಭಾಗವೊಂದಿದೆ. ಆ ಐದು ದಿನಗಳಲ್ಲೂ ಅವು ಕಳೆದ ಮೇಲೂ ಹಳ್ಳಿಹಳ್ಳಿಗಳಲ್ಲಿ ಸೇಡು ತೀರಿಸಿಕೊಳ್ಳುವ ಕಾಲ ಬಂತು. ರಜಾಕಾರನನ್ನು ಕಣ್ಣಿನಿಂದಲೂ ನೋಡದ ಬಡ ಮುಸಲ್ಮಾನ ನೇಕಾರ, ಒಕ್ಕಲಿಗ, ಕೂಲಿಯವನು ಆ ಸೇಡಿಗೆ ತುತ್ತಾದರು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ನೇತೃತ್ವದಲ್ಲಿ ಒಂದು ತಂಡವನ್ನು ಅಲ್ಲಿಗೆ ಕಳುಹಿಸಿದರು. ಅವರು ಅದೇ ವರ್ಷದ ಕೊನೆಯಲ್ಲಿ ಊರೂರು ತಿರುಗಿ, ಸತ್ತವರ ಸಂಖ್ಯೆ ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿದರು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡಗಳೊಡನೆ ನಮ್ಮ ಗುಲ್ಬರ್ಗಾ, ಬೀದರಗಳೂ ಇದ್ದವು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಅದು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನರ ಕೈಗೆ ಸಿಗುವಂತಾದದ್ದು 2013ರಲ್ಲಿ, ಅಂದರೆ 65 ವರ್ಷಗಳ ಬಳಿಕ. ದೇವಣಗಾಂವದ ಆ ತಾಯಿಯ ಪಡಸಾಲೆಗೆ ಎರಡನೆಯ ಸಲ ಬಂದವರು ಯಾರೆಂದು ಈಗ ನಿಮಗೆ ತಿಳಿಯಿತಷ್ಟೆ.

ಓದುಗರೇ, ಇದು ಅತ್ಯುತ್ತಮ ಉದಾಹರಣೆಯ ಲೆಕ್ಕ ಎಂಬುದನ್ನು ಮರೆಯಬೇಡಿ. ಕಾರಣ ನ್ಯಾಯವಾಗಿತ್ತು, ಯುದ್ಧ ಐದೇ ದಿನದ್ದು, ದಾಟಿದ ಸೈನ್ಯ ಪರಕೀಯವಲ್ಲ. ಆದರೂ ಹೆಣಗಳು ಸಾವಿರಗಟ್ಟಲೆ ಬಿದ್ದವು, ಲೆಕ್ಕ ಅರವತ್ತೈದು ವರ್ಷ ಕಪಾಟಿನಲ್ಲಿ ಉಳಿಯಿತು. ಅತ್ಯುತ್ತಮವಾದುದರ ಬೆಲೆಯೇ ಇಷ್ಟಾದರೆ, ಸಾವಿರಾರು ಮೈಲಿ ದೂರದಿಂದ, ಭಾಷೆ ಬಾರದ, ಬಂಧುತ್ವವಿಲ್ಲದ ಸೈನ್ಯ ಹೋಗಿ ಮಾಡುವ ಬಿಡುಗಡೆಯ ಬೆಲೆ ಎಷ್ಟಾದೀತು?

ಇನ್ನು 1948ರ ಕ್ರಮ ಕೊನೆಗೂ ನೆಲೆನಿಂತು ಫಲ ಕೊಟ್ಟದ್ದೇಕೆ? ಅದರ ಕಾರಣಗಳನ್ನು ನೋಡಿದರೆ ಯುವಮಿತ್ರನ ಹೋಲಿಕೆ ಅಲ್ಲಿಗೇ ಮುರಿದು ಬೀಳುತ್ತದೆ.

ಮೊದಲನೆಯದಾಗಿ, ಬಿಡುಗಡೆಯ ಹಂಬಲ ದಿಲ್ಲಿಯಿಂದ ಬಂದದ್ದಲ್ಲ. 1938ರಲ್ಲಿಯೇ ಹೈದರಾಬಾದಿನ ಜನ ಸತ್ಯಾಗ್ರಹ ಹೂಡಿ ಸೆರೆಮನೆ ತುಂಬಿದ್ದರು. ಆ ಚಳವಳಿಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದೇ ನಮ್ಮ ಸಿಂದಗಿಯಲ್ಲಿ. ಸೈನ್ಯ ಬಂದಾಗ ಅವರು ಸೆರೆಯಲ್ಲಿದ್ದರು. ಅಂದರೆ ಬಾಗಿಲನ್ನು ಒಳಗಿನವರು ಹತ್ತು ವರ್ಷ ದೂಡುತ್ತಿದ್ದರು. ಹೊರಗಿನವರು ಕೊನೆಯ ಬೀಗ ಒಡೆದರಷ್ಟೆ.

ಎರಡನೆಯದಾಗಿ, ಬಂದವರು ಯಜಮಾನರಾಗಿ ಕೂರಲಿಲ್ಲ. ಜನರಲ್ ಚೌಧರಿಯವರ ಸೈನಿಕ ಆಡಳಿತ 1949ರ ಕೊನೆಗೆ ಮುಗಿಯಿತು. 1952ರ ಹೊತ್ತಿಗೆ ಚುನಾವಣೆ ನಡೆದು ಜನರೇ ಆರಿಸಿದ ಸರ್ಕಾರ ಬಂತು. 1956ರಲ್ಲಿ ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಗುಲ್ಬರ್ಗಾದ ರೈತನೂ ದಿಲ್ಲಿಯ ಸರ್ಕಾರವನ್ನು ಇಳಿಸಬಲ್ಲ ಮತದಾರನಾದ. ಅವನ ಮೇಲೆ ಸೈನ್ಯ ಕಳುಹಿಸಿದವರು ಐದು ವರ್ಷಕ್ಕೊಮ್ಮೆ ಅವನ ಮುಂದೆಯೇ ಕೈಮುಗಿದು ನಿಲ್ಲಬೇಕಾಯಿತು. ಅವನ ಮೇಲೆ ಅಧಿಕಾರ ಚಲಾಯಿಸಿದವರು ಅವನಿಗೇ ಉತ್ತರ ಕೊಡಬೇಕಾದವರಾದರು. ಬಾಗ್ದಾದಿನ ನೇಕಾರನಿಗೆ ವಾಷಿಂಗ್ಟನ್ನಿನಲ್ಲಿ ಮತವಿತ್ತೇ? ಕಾಬೂಲಿನ ತಾಯಿಗೆ ಅಲ್ಲಿಯ ಅಧ್ಯಕ್ಷನನ್ನು ಪ್ರಶ್ನಿಸುವ ಹಕ್ಕಿತ್ತೇ? ಇಪ್ಪತ್ತು ವರ್ಷ ಅಫ್ಘಾನಿಸ್ತಾನದಲ್ಲಿದ್ದ ಸೈನ್ಯ 2021ರ ಆಗಸ್ಟಿನಲ್ಲಿ ಹೊರಟುಬಂದು ತಾಲಿಬಾನಿಗಳು ಕಾಬೂಲನ್ನು ಮರಳಿ ಹಿಡಿದಾಗ, ಶಾಲೆಯಿಂದ ಹೊರದಬ್ಬಲ್ಪಟ್ಟ ಅಲ್ಲಿಯ ಹೆಣ್ಣುಮಕ್ಕಳು ಯಾರ ಕೊರಳಪಟ್ಟಿ ಹಿಡಿದು ಕೇಳಬೇಕಾಗಿತ್ತು?

ಸ್ವಾತಂತ್ರ್ಯವಾದಿಗಳಿಗೆ ನನ್ನ ನೇರವಾದ ಮಾತು ಇದು. ತನ್ನ ಪ್ರಜೆಗಳಿಗೆ ಉತ್ತರ ಕೊಡಬೇಕಾದ ಸರ್ಕಾರವನ್ನೇ ನೀವು ನಂಬುವುದಿಲ್ಲ. ಅದು ತೆರಿಗೆ ಎತ್ತಿದರೆ ಸಂದೇಹ, ಶಾಲೆ ನಡೆಸಿದರೆ ಸಂದೇಹ, ಅಂಚೆಕಚೇರಿ ನಡೆಸಿದರೂ ಸಂದೇಹ. ಹಾಗಿರುವಾಗ, ಯಾರಿಗೆ ಉತ್ತರ ಕೊಡಬೇಕಾಗಿಲ್ಲವೋ ಅಂಥ ಪರದೇಶದ ಜನರ ಮೇಲೆ ಅದೇ ಸರ್ಕಾರ ಬಾಂಬು ಹಾಕಿ, ಸಂವಿಧಾನ ಬರೆಸಿ, ನಾಡು ಕಟ್ಟುತ್ತದೆಂದು ಹೇಗೆ ನಂಬುತ್ತೀರಿ? ನ್ಯಾಯಬೆಲೆ ಅಂಗಡಿಯನ್ನು ಸರಿಯಾಗಿ ನಡೆಸಲಾರದು ಎಂದು ನೀವು ಬೈಯುವ ಕೈಗೇ ಒಂದು ಇಡೀ ದೇಶವನ್ನು ಒಪ್ಪಿಸುತ್ತೀರಾ? ನಿಮ್ಮ ತತ್ತ್ವದ ಬುಡವೇ 'ಲೆಕ್ಕ ಕೊಡದ ಅಧಿಕಾರ ಕೆಟ್ಟದ್ದು' ಎಂಬುದು. ಪರದೇಶವನ್ನು ಗೆದ್ದು ಆಳುವ ಸೈನ್ಯಕ್ಕಿಂತ ಲೆಕ್ಕ ಕೊಡದ ಅಧಿಕಾರ ಭೂಮಿಯ ಮೇಲೆ ಮತ್ತಾವುದಿದೆ?

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ಒಂದು ಕೋಟಿಯಷ್ಟು ನಿರಾಶ್ರಿತರು ಬಂದರು. ಅಲ್ಲಿಯ ಜನ ಅದಕ್ಕೆ ಮುಂಚೆಯೇ, 1970ರ ಡಿಸೆಂಬರಿನಲ್ಲಿ, ಮತ ಹಾಕಿ ತಮ್ಮ ನಾಯಕನನ್ನು ಆರಿಸಿದ್ದರು. ನಮ್ಮ ಸೈನ್ಯ ಯುದ್ಧ ಮುಗಿಸಿ 1972ರ ಮಾರ್ಚ್ ಹೊತ್ತಿಗೆ ಹಿಂದಿರುಗಿತು. ಆದರೆ 1987ರಲ್ಲಿ ಶ್ರೀಲಂಕೆಗೆ ಶಾಂತಿ ಕಾಯಲೆಂದು ಹೋದ ಸೈನ್ಯ, ಯಾರ ರಕ್ಷಣೆಗೆಂದು ಹೋಗಿತ್ತೋ ಆ ತಮಿಳರ ನಡುವೆಯೇ ಯುದ್ಧಕ್ಕೆ ಸಿಲುಕಿತು. 1990ರಲ್ಲಿ ಹಿಂದಿರುಗುವ ಹೊತ್ತಿಗೆ ಸುಮಾರು 1,200 ಜವಾನರನ್ನು ಕಳೆದುಕೊಂಡಿತ್ತು. ಸದುದ್ದೇಶವೊಂದೇ ಸಾಲದೆಂಬುದನ್ನು ನಾವು ರಕ್ತ ತೆತ್ತು ಕಲಿತೆವು. ಆ ಪಾಠ ನೆನಪಿದ್ದುದರಿಂದಲೋ ಏನೋ, 2003ರ ಏಪ್ರಿಲ್ 8ರಂದು ನಮ್ಮ ಲೋಕಸಭೆ ಇರಾಕ್ ಯುದ್ಧವನ್ನು ಒಮ್ಮತದಿಂದ ಖಂಡಿಸಿತು. ಅದೇ ಜುಲೈನಲ್ಲಿ ಸೈನ್ಯ ಕಳುಹಿಸಿರೆಂಬ ಅಮೆರಿಕದ ಕೋರಿಕೆಯನ್ನು ವಾಜಪೇಯಿಯವರ ಸರ್ಕಾರ ಒಪ್ಪಲಿಲ್ಲ. ಅಂದು ನಾನು ಅದನ್ನು ಅಂಜುಬುರುಕತನವೆಂದುಕೊಂಡಿದ್ದೆ. ಇಂದು ವಿವೇಕವೆನ್ನುತ್ತೇನೆ.

ಗುರುಮಠದಲ್ಲಿ ನಾವು ಓದಿದ ಪಾಠವೂ ಇದಕ್ಕೆ ಹೊರತಲ್ಲ. ಸಂತ ಥಾಮಸ್ ಅಕ್ವಿನಾಸರು ನ್ಯಾಯಯುದ್ಧಕ್ಕೆ ಯೋಗ್ಯ ಅಧಿಕಾರ, ನ್ಯಾಯವಾದ ಕಾರಣ, ಶುದ್ಧ ಉದ್ದೇಶ ಎಂಬ ಮೂರು ಷರತ್ತುಗಳನ್ನಿಟ್ಟರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗಿ, ಗೆಲುವಿಗೆ ಗಟ್ಟಿಯಾದ ಆಸ್ಪದವಿರಬೇಕು, ನಿವಾರಿಸಹೊರಟ ಕೇಡಿಗಿಂತ ದೊಡ್ಡ ಕೇಡು ಹುಟ್ಟಬಾರದು ಎನ್ನುತ್ತದೆ. ದೂರದ ನಾಡಿಗೆ ಪ್ರಜಾಪ್ರಭುತ್ವವನ್ನು ಹೊತ್ತೊಯ್ಯುವ ಯುದ್ಧಗಳು ಬಹುಪಾಲು ಎಡವುವುದು ಈ ಕೊನೆಯ ಎರಡು ಷರತ್ತುಗಳಲ್ಲಿಯೇ. ಕಾರಣ ನ್ಯಾಯವಾಗಿದ್ದ ಮಾತ್ರಕ್ಕೆ ಯುದ್ಧ ನ್ಯಾಯವಾಗುವುದಿಲ್ಲ.

ಹಾಗೆಂದು ಎದುರು ಗುಂಪಿನವರನ್ನು ಹೊಗಳಿ ಈ ಬರಹವನ್ನು ಮುಗಿಸಲಾರೆ. ಯುದ್ಧ ಬೇಡವೆನ್ನುವ ಸ್ವಾತಂತ್ರ್ಯವಾದಿಗಳಲ್ಲಿ ಕೆಲವರ ಮಾತಿನ ಕೊನೆಗೆ 'ಅವರ ಗೋಳು ನಮಗೇಕೆ?' ಎಂಬ ತಣ್ಣನೆಯ ದನಿ ಕೇಳಿಸುತ್ತದೆ. ನಮ್ಮ ತೆರಿಗೆ ಹಣ ಪೋಲಾಗುತ್ತದೆ ಎಂಬುದೇ ಅವರ ದೊಡ್ಡ ದುಃಖ. ಸೈನ್ಯ ಕಳುಹಿಸಬೇಡಿರೆಂದು ಹೇಳುವ ಬಾಯೇ, ಆ ನಾಡಿನಿಂದ ಓಡಿಬಂದವರಿಗೆ ಬಾಗಿಲು ತೆರೆಯಬೇಡಿರೆಂದೂ ಹೇಳಿದರೆ ಅದು ಶಾಂತಿಪ್ರಿಯತೆಯಲ್ಲ, ಜಿಪುಣತನ. ಗಾಯಗೊಂಡು ಬಿದ್ದವನನ್ನು ಕಂಡು ದಾರಿಯ ಆಚೆಬದಿಯಿಂದ ಹೋದ ಯಾಜಕನೂ ಯಾರ ಮೇಲೂ ಯುದ್ಧ ಹೂಡಿರಲಿಲ್ಲ! ಯೇಸುಸ್ವಾಮಿ ಅವನನ್ನು ಮೆಚ್ಚಲಿಲ್ಲವೆಂಬುದನ್ನು ನೆನಪಿಡಿ. ಸಮಾರಿಯದವನು ಕಳ್ಳರ ಊರಿನ ಮೇಲೆ ದಂಡೆತ್ತಿ ಹೋಗಲಿಲ್ಲ. ಸುಮ್ಮನೆ ನಡೆದುಹೋಗಲೂ ಇಲ್ಲ. ಗಾಯ ಕಟ್ಟಿದ, ಛತ್ರದ ಖರ್ಚು ಕೊಟ್ಟ, ಮರಳಿ ಬಂದು ಲೆಕ್ಕ ತೀರಿಸುತ್ತೇನೆಂದ.

ಆದುದರಿಂದ ಪ್ರಿಯ ಓದುಗರೇ, ಮುಂದೊಂದು ದಿನ ದೂರದರ್ಶನದಲ್ಲೋ ಮೊಬೈಲಿನಲ್ಲೋ ಯಾವುದೋ ದೇಶವನ್ನು 'ಬಿಡುಗಡೆ' ಮಾಡುವ ಯುದ್ಧದ ಸುದ್ದಿ ಬಂದಾಗ, ಉರಿಯುವ ಊರುಗಳನ್ನು ನೋಡಿ ಮಕ್ಕಳು ಕ್ರಿಕೆಟ್ ಪಂದ್ಯದಂತೆ ಚಪ್ಪಾಳೆ ತಟ್ಟಿದಾಗ, ಅವರನ್ನು ಗದರಿಸಬೇಡಿ. ಹತ್ತಿರ ಕೂರಿಸಿಕೊಂಡು ಮೂರು ಪ್ರಶ್ನೆಗಳನ್ನು ಕೇಳಿರಿ. ಈ ಬಿಡುಗಡೆಯನ್ನು ಬೇಡಿದವರು ಯಾರು, ಆ ನಾಡಿನ ಜನರೇ ಅಥವಾ ಹೊರಗಿನವರೇ? ಇದರ ಬೆಲೆ ತೆರುವವರು ಯಾರು, ಯುದ್ಧ ಸಾರಿದವರೇ ಅಥವಾ ಆ ಬೀದಿಯಲ್ಲಿ ಮನೆಯಿರುವವರೇ? ನಾಳೆ ಎಲ್ಲ ಕೆಟ್ಟುಹೋದರೆ ಆ ಜನರಿಗೆ ಉತ್ತರ ಕೊಡುವವರು ಯಾರು? ಮೂರನೆಯ ಪ್ರಶ್ನೆಗೆ ಒಂದು ಹೆಸರನ್ನೂ ಹೇಳಲಾಗದಿದ್ದರೆ, ಆ ಯುದ್ಧವನ್ನು ನಿಮ್ಮ ಮನೆಯಲ್ಲಿ ಯಾರೂ ಮೆಚ್ಚದಿರಲಿ.

ನಮ್ಮ ನಾಡಿನ ಲೆಕ್ಕವನ್ನೂ ಮಕ್ಕಳಿಗೆ ತಿಳಿಸಿರಿ. ಗೋರ್ಟಾದಲ್ಲಿ ಸತ್ತವರಿಗಾಗಿ ಅತ್ತವರು, ಸೆಪ್ಟೆಂಬರಿನ ಬಳಿಕ ಗುಲ್ಬರ್ಗಾದ ಹಳ್ಳಿಗಳಲ್ಲಿ ಸತ್ತವರಿಗಾಗಿಯೂ ಅಳಲು ಕಲಿಯಬೇಕು. ಒಂದನ್ನು ನೆನೆದು ಇನ್ನೊಂದನ್ನು ಮರೆತರೆ ನಾವು ಸ್ವಾತಂತ್ರ್ಯವನ್ನು ಪ್ರೀತಿಸಿದಂತಲ್ಲ, ನಮ್ಮ ಗುಂಪನ್ನು ಮಾತ್ರ ಪ್ರೀತಿಸಿದಂತೆ.

ಆ ಯುವಕನಿಗೆ ಪತ್ರ ಬರೆದು ಮುಗಿಸುವಾಗ ನಾನು ದೇವಣಗಾಂವದ ಪಡಸಾಲೆಯ ಸಂಗತಿಯನ್ನು ಬರೆದೆ. ಆ ತಾಯಿಯ ಮನೆಯವರು ಯಾರ ಮೇಲೂ ದಂಡೆತ್ತಿ ಹೋದವರಲ್ಲ, ಯಾರಿಗೂ ಕದ ಹಾಕಿದವರೂ ಅಲ್ಲ. ಮೊದಲು ಬಂದವರಿಗೂ ಆಮೇಲೆ ಬಂದವರಿಗೂ ಒಂದೇ ಪಡಸಾಲೆ, ಒಂದೇ ರೊಟ್ಟಿ. ಹೊಳೆಯಾಚೆಯ ನೆರೆಯವನ ಸ್ವಾತಂತ್ರ್ಯಕ್ಕಾಗಿ ನಮ್ಮಂಥ ಸಾಮಾನ್ಯ ಮನೆಗಳು ಮಾಡಬಹುದಾದ ಕೆಲಸ ಇದೇ ಎಂದು ನನ್ನ ನಂಬಿಕೆ. ಅವನಿಂದ ಇನ್ನೂ ಮರುಪತ್ರ ಬಂದಿಲ್ಲ. ಬಂದಾಗ, ಅವನು ಒಪ್ಪಲಿ ಬಿಡಲಿ, ಅದನ್ನೂ ನಿಮ್ಮ ಮುಂದಿಡುತ್ತೇನೆ.